ಅಜ್ಜಿಯ ತೋಳು, ತಂಗಿಯ ತೋಳು

ನಮ್ಮ ಅಜ್ಜಿಯ ಎಡತೋಳಿನ ಮೇಲೆ ಎರಡು ಗುರುತುಗಳಿವೆ. ಒಂದೊಂದೂ ಹಳೆಯ ನಾಲ್ಕಾಣೆಯಷ್ಟಗಲ. ಉಳಿದ ಚರ್ಮವೆಲ್ಲ ಸುಕ್ಕುಗಟ್ಟಿ ಜೋತುಬಿದ್ದಿದ್ದರೂ ಆ ಎರಡು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತವೆ. ಚಿಕ್ಕಂದಿನಲ್ಲಿ ನಾನು ಅವಳ ಮಗ್ಗುಲಲ್ಲಿ ಮಲಗಿ, ಆ ಗುರುತುಗಳ ಮೇಲೆ ಬೆರಳಾಡಿಸುತ್ತಲೇ ನಿದ್ದೆಹೋಗುತ್ತಿದ್ದೆ. "ಇದೇನಜ್ಜಿ?" ಎಂದು ಕೇಳಿದರೆ "ದಾಕು ಕಣವ್ವ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಹೆಮ್ಮೆಯೂ ಇರಲಿಲ್ಲ, ದೂರೂ ಇರಲಿಲ್ಲ; ಹಸುವಿನ ಕೊಂಬನ್ನು ಕೊಂಬು ಎಂದ ಹಾಗೆ ಹೇಳುತ್ತಿದ್ದಳು.

ದಾಕು ಹಾಕುವವನು ಊರಿಗೆ ಬರುವ ಸುದ್ದಿ ಅವನಿಗಿಂತ ಮುಂಚೆ ಬರುತ್ತಿತ್ತಂತೆ. ಅವನ ಸೈಕಲ್ಲು ಕೆರೆಯೇರಿಯ ಮೇಲೆ ಕಾಣಿಸಿತೋ ಇಲ್ಲವೋ, ಮಕ್ಕಳೆಲ್ಲ ಮಾಯ. ಅಜ್ಜಿಯ ಅಣ್ಣನನ್ನು ಅವರ ತಾಯಿ ರಾಗಿಯ ವಾಡೆಯೊಳಗೆ ಇಳಿಸಿ ಮೇಲೆ ಮೊರ ಮುಚ್ಚಿದಳು. ಅಜ್ಜಿಯನ್ನು ಹುಲ್ಲುಮೆದೆಯ ಹಿಂದೆ ಕೂರಿಸಿದಳು. ಹುಲ್ಲಿನ ಧೂಳಿಗೆ ಅಜ್ಜಿ ಸೀನಿದಳು. ಆ ಒಂದು ಸೀನಿಗೆ ಸಿಕ್ಕಿಬಿದ್ದಳು. ಇಬ್ಬರು ಕೈಕಾಲು ಹಿಡಿದುಕೊಂಡರು, ಮೂರನೆಯವನು ತೋಳಿನ ಮೇಲೆ ಮುಳ್ಳಿನ ಬಿಲ್ಲೆಯಂಥ ಸೂಜಿಯನ್ನು ಇಟ್ಟು ತಿರುಗಿಸಿದ. ಆಮೇಲೆ ಹತ್ತು ದಿನ ಜ್ವರ, ಕೀವು, ಅಳು. ವಾಡೆಯಿಂದ ಹೊರಗೆ ಬಂದ ಅಣ್ಣ ಅವಳನ್ನು ಅಣಕಿಸಿ ಕುಣಿದನಂತೆ. ಎರಡು ವರ್ಷದ ಮೇಲೆ ಊರಿಗೆ ಅಮ್ಮ ಬಂದಳು. ಅಣ್ಣ ಬದುಕಿಕೊಂಡ, ಬಲಗಣ್ಣು ಹೋಯಿತು. ನಾವು ಮಕ್ಕಳು 'ಒಕ್ಕಣ್ಣಿನ ತಾತ' ಎಂದು ಕರೆಯುತ್ತಿದ್ದುದು ಅವನನ್ನೇ.

ಇಷ್ಟಾದರೂ ಅಜ್ಜಿ ಇದರಿಂದ ಏನಾದರೂ ಪಾಠ ಕಲಿತಳೇ ಎಂದರೆ, ನನಗೆ ಸಂದೇಹವೇ. "ದಾಕು ಕಾಯ್ತು" ಎನ್ನುತ್ತಾಳೆ. ಅದೇ ಉಸಿರಿನಲ್ಲಿ "ಮಾರಮ್ಮ ಕಾಯ್ದಳು" ಎಂದೂ ಎನ್ನುತ್ತಾಳೆ. ಭಾರತದಲ್ಲಿ ಸಿಡುಬು ಕೊನೆಯ ಬಾರಿ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಇಡೀ ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೂ ನಮ್ಮ ಮನೆಯಿಂದ ವರ್ಷ ವರ್ಷವೂ ಮಾರಮ್ಮನಿಗೆ ತಂಬಿಟ್ಟಿನ ಆರತಿ ತಪ್ಪಿಲ್ಲ.

ಈ ಸಂಚಿಕೆಗೆ ಚರಿತ್ರೆಯ ಮೇಲೊಂದು ಲೇಖನ ಬರೆದುಕೊಡು ಎಂದು ನಮ್ಮ ಅಧ್ಯಾಪಕರು ಹೇಳಿ ಎರಡು ತಿಂಗಳಾಯಿತು. ಹೊಯ್ಸಳರ ಕೆರೆಗಳನ್ನು ಕುರಿತು ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಆದರೆ ಬರೆಯಲು ಕುಳಿತಾಗಲೆಲ್ಲ, ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದ ಒಂದು ಹಾಳೆ ಕಾಗದವೇ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಕೆರೆಗಳು ಎಂಟುನೂರು ವರ್ಷ ಕಾದಿವೆ, ಇನ್ನೊಂದು ವರ್ಷ ಕಾದಾವು. ಅಧ್ಯಾಪಕರು ಕ್ಷಮಿಸಬೇಕು.

ಆ ಕಾಗದವನ್ನು ತಂದವಳು ನನ್ನ ತಂಗಿ. ಒಂಬತ್ತನೆಯ ತರಗತಿ, ಹದಿನಾಲ್ಕು ವರ್ಷ. ಅವರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಒಂದು ಸೂಜಿಮದ್ದನ್ನು ಪುಕ್ಕಟೆಯಾಗಿ ಹಾಕುತ್ತಾರೆಂದೂ, ತಂದೆ ಅಥವಾ ತಾಯಿ ಒಪ್ಪಿಗೆಯ ರುಜು ಹಾಕಿ ಕಳಿಸಬೇಕೆಂದೂ ಅದರಲ್ಲಿ ಅಚ್ಚಾಗಿತ್ತು. 'ಗರ್ಭಕಂಠದ ಕ್ಯಾನ್ಸರ್' ಎಂಬ ಮಾತು ಅದರಲ್ಲಿ ನಾಲ್ಕು ಕಡೆ ಇತ್ತು. ತಂಗಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಯಾರ ಕೈಗೂ ಕೊಡದೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಓಡಿಹೋದಳು.

ಅಪ್ಪನಿಗೆ ರುಜು ಬರುತ್ತದೆ. ಹೆಸರಿನ ಅಕ್ಷರಗಳಷ್ಟೇ, ಅವನ್ನು ಸಹ ಎತ್ತು ಉತ್ತ ಸಾಲಿನಂತೆ ನಿಧಾನವಾಗಿ ಬರೆಯುತ್ತಾನೆ. ನಾನು ಓದಿ ಹೇಳುತ್ತ ಹೋದಂತೆ ಅವನು ಬೀಡಿ ಹಚ್ಚಿಕೊಂಡು, "ಹೆಂಗಸರ ವಿಷಯ, ನಿಮ್ಮವ್ವನ್ನ ಕೇಳಿ" ಎಂದು ಜಗಲಿಗೆ ಎದ್ದುಹೋದ. ಅವ್ವನದು ಹೆಬ್ಬೆಟ್ಟು. ಅವ್ವ ಒಲೆಯ ಮುಂದೆ ಕುಳಿತಿದ್ದವಳು ತಿರುಗಿ ನೋಡಿ, "ಓದಿರೋಳು ನೀನು. ನೀನೇ ಯೋಳು ಮಗ, ಹಾಕ್ಸಾದಾ ಬ್ಯಾಡ್ವಾ?" ಎಂದಳು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಮೂರು ವರ್ಷದಿಂದ ನಾನು ಓದಿರುವುದು ಕದಂಬರು, ಫ್ರಾನ್ಸಿನ ಕ್ರಾಂತಿ, ಬೇಡಿಕೆ ಪೂರೈಕೆಯ ರೇಖೆಗಳು. ಆದರೆ ಓದಿಲ್ಲದ ಮನೆಯಲ್ಲಿ ಓದಿದವಳಿಗೆ ಇಂಥ ವಿಂಗಡಣೆ ಇಲ್ಲ. ಪಂಪುಸೆಟ್ಟು ಕೆಟ್ಟರೂ ನಾನೇ, ಬ್ಯಾಂಕಿನಿಂದ ನೋಟೀಸು ಬಂದರೂ ನಾನೇ, ಹಸುವಿಗೆ ಕೆಚ್ಚಲುಬಾವಾದರೂ ನಾನೇ. ಈಗ ತಂಗಿಯ ತೋಳಿನ ತೀರ್ಮಾನವೂ ನನ್ನ ಪಾಲಿಗೆ ಬಂತು. ಇದೇ ಸ್ಥಿತಿಯಲ್ಲಿರುವ ಗೆಳೆಯ ಗೆಳತಿಯರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ಆ ಭಾರ ಎಂಥದೆಂದು ಅವರಿಗೆ ವಿವರಿಸಬೇಕಾಗಿಲ್ಲ.

ಅಷ್ಟರಲ್ಲಿ ಸೋದರಮಾವನ ಫೋನಿನಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಆ ಸೂಜಿ ಹಾಕಿಸಿಕೊಂಡ ಹುಡುಗಿಯರಿಗೆ ಮಕ್ಕಳಾಗುವುದಿಲ್ಲವೆಂದು ಒಬ್ಬಾತ ಬಹಳ ಗಟ್ಟಿಯಾಗಿ ಹೇಳುತ್ತಿದ್ದ. ಅವನು ಯಾರು, ಎಲ್ಲಿಯವನು ಎಂದು ಮಾವನಿಗೂ ತಿಳಿಯದು. ಅವ್ವ ಅದನ್ನು ಎರಡು ಸಲ ನೋಡಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೇ ನನಗೆ ಭಯ.

ಆ ಕಾಯಿಲೆಯ ಹೆಸರು ನಮ್ಮ ಮನೆಗೆ ಹೊಸದಲ್ಲ. ನನ್ನ ಚಿಕ್ಕವ್ವ, ಎಂದರೆ ಅವ್ವನ ಬೆನ್ನಿಗೆ ಬಿದ್ದ ತಂಗಿ, ತೀರಿಕೊಂಡದ್ದು ಅದರಿಂದಲೇ. ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಅವಳು ಒಂದು ವರ್ಷಕ್ಕೂ ಹೆಚ್ಚು ಕಾಲ ರಕ್ತಸ್ರಾವವನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ಕಬ್ಬಿನ ಗದ್ದೆಯಲ್ಲಿ ತರಗು ಕೀಳುತ್ತಿದ್ದವಳು ಬವಳಿ ಬಂದು ಬಿದ್ದ ಮೇಲೆಯೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದದ್ದು. ಕೊನೆಯ ತಿಂಗಳುಗಳಲ್ಲಿ ಅವಳನ್ನು ನೋಡಿಕೊಂಡವಳು ಅವ್ವ. ಅವ್ವ ಇಂದಿಗೂ ಆ ದಿನಗಳ ಮಾತೆತ್ತುವುದಿಲ್ಲ. ಬಂಧುಗಳು ಕೇಳಿದರೆ "ಹೊಟ್ಟೆನೋವಾಗಿತ್ತು" ಎನ್ನುತ್ತಾಳೆ.

ನಾನು ಮೊದಲು ನಮ್ಮ ಹೋಬಳಿಯ ಆರೋಗ್ಯ ಕೇಂದ್ರದ ವೈದ್ಯೆಯ ಬಳಿ ಹೋದೆ. ರೋಗಿಗಳ ಸಾಲು ಕರಗುವವರೆಗೆ ಕಾದು, "ನಾನು ರೋಗಿಯಲ್ಲ, ಪ್ರಶ್ನೆ ಕೇಳಲು ಬಂದವಳು" ಎಂದಾಗ ಅವರು ನಕ್ಕು, ಒಂದು ಹಳೆಯ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆಯತೊಡಗಿದರು. ಆ ಚೀಟಿ ಈಗಲೂ ನನ್ನ ಬಳಿ ಇದೆ. ಮುಂದೆ ನಾನು ಓದಿ ತಿಳಿದುಕೊಂಡದ್ದೆಲ್ಲ ಆ ಚೀಟಿಗೆ ಬರೆದ ಟೀಕೆ ಎಂದರೂ ಸಲ್ಲುತ್ತದೆ. ವಿಜ್ಞಾನ ಬಲ್ಲವರು ನನ್ನ ಒರಟು ಮಾತುಗಳನ್ನು ತಿದ್ದಿಕೊಂಡು ಓದಬೇಕು.

ಈ ಕ್ಯಾನ್ಸರಿಗೆ ಕಾರಣ ಒಂದು ವೈರಸ್ಸು. ಹೆಸರು ಹ್ಯೂಮನ್ ಪ್ಯಾಪಿಲೋಮ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಅದರಲ್ಲಿ ನೂರಕ್ಕೂ ಹೆಚ್ಚು ಬಗೆ. ಬಹಳವು ನರುಲಿ ಬರಿಸುವಂಥವು. ಘಾತುಕವಾದ ಬಗೆಗಳಲ್ಲಿ ಮುಖ್ಯವಾದವು 16 ಮತ್ತು 18 ಎಂಬ ಎರಡು. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇಕಡ 70ರಷ್ಟಕ್ಕೆ ಅವೇ ಕಾರಣ. ನಮ್ಮ ಜೀವಕೋಶಗಳಲ್ಲಿ 'ಸಾಕು, ಇನ್ನು ಬೆಳೆಯಬೇಡ' ಎಂದು ತಡೆಯುವ ಕಾವಲಿನ ಪ್ರೋಟೀನುಗಳಿವೆ. ಈ ವೈರಸ್ಸು ಇ6, ಇ7 ಎಂಬ ತನ್ನ ಎರಡು ಪ್ರೋಟೀನುಗಳಿಂದ ಆ ಕಾವಲನ್ನೇ ಮುರಿಯುತ್ತದೆ. ಹಾಗೆಂದು ವೈರಸ್ಸು ತಗುಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಸಂಸಾರವಂದಿಗರಲ್ಲಿ ಹೆಚ್ಚಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಜೀವಮಾನದಲ್ಲಿ ಒಮ್ಮೆಯಾದರೂ ಅದು ತಗುಲಿರುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಎರಡು ವರ್ಷದೊಳಗೆ ಅದು ತಾನಾಗಿ ತೊಲಗುತ್ತದೆ. ಕೆಲವರಲ್ಲಿ ಮಾತ್ರ ಬೇರುಬಿಟ್ಟು, ಹದಿನೈದು ಇಪ್ಪತ್ತು ವರ್ಷ ಸದ್ದಿಲ್ಲದೆ ಕುಳಿತು, ಕೊನೆಗೆ ರೋಗವಾಗಿ ಏಳುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 1,27,000 ಹೆಂಗಸರಿಗೆ ಇದು ಹೊಸದಾಗಿ ಕಂಡಿತು. ಸುಮಾರು 80,000 ಮಂದಿ ಸತ್ತರು. ಅಂಕಿಗಳನ್ನು ಓದುವಾಗ ನನಗೆ ಏನೂ ಅನ್ನಿಸಲಿಲ್ಲ. ಆ ಎಂಬತ್ತು ಸಾವಿರ ಮನೆಗಳಲ್ಲಿ ಎಷ್ಟು ಮನೆಯವರು "ಹೊಟ್ಟೆನೋವಾಗಿತ್ತು" ಎಂದು ಹೇಳಿರಬಹುದೆಂಬುದು ಹೊಳೆದಾಗ ಪುಸ್ತಕ ಮುಚ್ಚಿಟ್ಟೆ.

ವೈರಸ್ಸಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ಹುಡುಕಿದವರು ಹೆರಾಲ್ಡ್ ಝುರ್ ಹೌಸೆನ್ ಎಂಬ ಜರ್ಮನ್ ವಿಜ್ಞಾನಿ. ಆ ದಿನಗಳಲ್ಲಿ ಉಳಿದವರೆಲ್ಲ ಬೇರೊಂದು ವೈರಸ್ಸಿನ ಬೆನ್ನು ಹತ್ತಿದ್ದರು. ಇವರು ಹಟ ಬಿಡದೆ 1983ರಲ್ಲಿ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಗೆಡ್ಡೆಗಳೊಳಗೇ ತೋರಿಸಿಕೊಟ್ಟರು. 2008ರಲ್ಲಿ ನೊಬೆಲ್ ಬಂತು. ಪ್ರಯೋಗಶಾಲೆಗಳಲ್ಲಿ ದಶಕಗಳಿಂದ ಬೆಳೆಯುತ್ತಿದ್ದ 'ಹೀಲಾ' ಎಂಬ ಜೀವಕೋಶಗಳಲ್ಲೂ ಈ 18ನೆಯ ಬಗೆಯೇ ಸಿಕ್ಕಿತು. ಆ ಜೀವಕೋಶಗಳು ಹೆನ್ರಿಯೆಟ್ಟ ಲ್ಯಾಕ್ಸ್ ಎಂಬ ಕರಿಯ ಹೆಂಗಸಿನವು. 1951ರಲ್ಲಿ, ತನ್ನ ಮೂವತ್ತೊಂದನೆಯ ವರ್ಷದಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ ಇದೇ ರೋಗದಿಂದ ಸತ್ತವಳು. ಅವಳನ್ನೂ ಕೇಳದೆ, ಮನೆಯವರನ್ನೂ ಕೇಳದೆ ತೆಗೆದಿಟ್ಟ ಜೀವಕೋಶಗಳು ಅವು. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವೇ ಒದಗಿದವು. ಐದು ಮಕ್ಕಳ ಆ ತಾಯಿ ತಂಬಾಕಿನ ಹೊಲದಲ್ಲಿ ದುಡಿದು ಬೆಳೆದವಳು ಎಂದು ಓದಿದಾಗ, ಅವಳು ನನಗೆ ಚಿಕ್ಕವ್ವನ ಹಾಗೆಯೇ ಕಂಡಳು.

ಇನ್ನು ಲಸಿಕೆ. ವೈರಸ್ಸನ್ನು ಬೆಳೆಸಿ, ಕೊಂದು, ಚುಚ್ಚುವ ಹಳೆಯ ದಾರಿ ಇಲ್ಲಿ ನಡೆಯುವಂತಿರಲಿಲ್ಲ. ಕ್ಯಾನ್ಸರ್ ತರುವ ವೈರಸ್ಸನ್ನು ಯಾರ ಮೈಗೆ ತಾನೆ ಚುಚ್ಚಿಯಾರು? ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಚೀನದಿಂದ ಬಂದ ಜಿಯಾನ್ ಝೌ ಎಂಬಿಬ್ಬರು 1991ರಲ್ಲಿ ಬೇರೊಂದು ದಾರಿ ಕಂಡರು. ವೈರಸ್ಸಿನ ಹೊರಚಿಪ್ಪು ಎಲ್1 ಎಂಬ ಒಂದೇ ಬಗೆಯ ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನನ್ನು ಬೇರೆಯಾಗಿ ತಯಾರಿಸಿದರೆ, ಐದೈದು ತುಣುಕುಗಳು ಕೂಡಿ ಒಂದು ಗುಂಪು, ಅಂಥ 72 ಗುಂಪುಗಳು ಕೂಡಿ ಒಂದು ಚಿಪ್ಪು, ಹೀಗೆ ತಾವಾಗಿಯೇ ಜೋಡಿಕೊಳ್ಳುತ್ತವೆ. ನೋಡಲು ಥೇಟು ವೈರಸ್ಸು. ಒಳಗೆ ಬೀಜವಸ್ತು ಇಲ್ಲ, ಆದ್ದರಿಂದ ಹಬ್ಬುವ ಶಕ್ತಿಯಿಲ್ಲ. ಮೈಯೊಳಗಿನ ಕಾವಲುಪಡೆ ಅದನ್ನು ಕಂಡು, ನಿಜವಾದ ವೈರಸ್ಸೆಂದೇ ಬಗೆದು, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಮಾಡಿಕೊಳ್ಳುತ್ತದೆ. ಆ ಚಹರೆಯನ್ನು ನೆನಪಿಟ್ಟುಕೊಳ್ಳುವ ಕೋಶಗಳನ್ನೂ ಉಳಿಸಿಕೊಳ್ಳುತ್ತದೆ. ಒಂದು ವಿಚಿತ್ರವೆಂದರೆ, ನಿಜವಾದ ಸೋಂಕಿನಿಂದ ಹುಟ್ಟುವುದಕ್ಕಿಂತ ಈ ಬರಿಯ ಚಿಪ್ಪಿನಿಂದ ಹುಟ್ಟುವ ಪ್ರತಿಕಾಯಗಳು ಬಹುಪಾಲು ಹೆಚ್ಚು. ಏಕೆಂದರೆ ನಿಜವಾದ ವೈರಸ್ಸು ರಕ್ತಕ್ಕೆ ಇಳಿಯದೆ ಚರ್ಮದ ಪದರದಲ್ಲೇ ಅವಿತುಕೊಂಡು ಕಾವಲುಗಾರನ ಕಣ್ಣು ತಪ್ಪಿಸುತ್ತದೆ. ಲಸಿಕೆಯಾದರೋ ನೇರವಾಗಿ ತೋಳಿನ ಮಾಂಸಕ್ಕೆ ಇಳಿಯುತ್ತದೆ.

ಲಸಿಕೆ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಪಾಪ, ಝೌ ಅದನ್ನು ನೋಡಲಿಲ್ಲ; 1999ರಲ್ಲೇ, ಇನ್ನೂ ನಲವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಫಲ ಮಾತ್ರ ಈಗ ಎಣಿಕೆಗೆ ಸಿಗುತ್ತಿದೆ. ಇಂಗ್ಲೆಂಡಿನಲ್ಲಿ 12–13ನೆಯ ವಯಸ್ಸಿನಲ್ಲಿ ಹಾಕಿಸಿಕೊಂಡ ಹುಡುಗಿಯರಲ್ಲಿ ಈ ಕ್ಯಾನ್ಸರು ಶೇಕಡ 87ರಷ್ಟು ಇಳಿದಿದೆಯೆಂದು 2021ರಲ್ಲಿ ಲೆಕ್ಕ ಹೊರಬಂತು. ಸ್ಕಾಟ್ಲೆಂಡಿನಲ್ಲಿ ಆ ವಯಸ್ಸಿನಲ್ಲಿ ಹಾಕಿಸಿಕೊಂಡವರ ಪೈಕಿ ಒಬ್ಬಳಿಗೂ ರೋಗ ಕಂಡಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲೇ ತಯಾರಾದ 'ಸರ್ವಾವ್ಯಾಕ್' ಎಂಬುದಕ್ಕೆ 2022ರಲ್ಲಿ ಪರವಾನಗಿ ಸಿಕ್ಕಿತು. ಮಕ್ಕಳಾಗದೆ ಹೋಗುವ ಮಾತಿಗೆ ಎಲ್ಲಿಯೂ ಆಧಾರ ಸಿಗಲಿಲ್ಲ. ಇಲ್ಲಿಗೆ ನನ್ನ ಕೆಲಸ ಮುಗಿಯಿತು, ಅವ್ವನ ಹೆಬ್ಬೆಟ್ಟು ಒತ್ತಿಸುವುದೊಂದೇ ಬಾಕಿ ಎಂದುಕೊಂಡೆ.

ಆದರೆ ಚರಿತ್ರೆಯ ವಿದ್ಯಾರ್ಥಿನಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: 'ಇದಕ್ಕೆ ಮುಂಚೆ ಏನಾಯಿತು?' ಎಂದು ಕೆದಕುವುದು. ಕೆದಕಿದೆ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಇದೇ ಬಗೆಯ ಲಸಿಕೆಯನ್ನು, ಒಂದು ವಿದೇಶಿ ಸಂಸ್ಥೆ ಅಲ್ಲಿನ ಸರ್ಕಾರಗಳೊಡನೆ ಸೇರಿ, ಸಾವಿರಾರು ಹುಡುಗಿಯರಿಗೆ ಹಾಕಿಸಿತ್ತು. 10ರಿಂದ 14 ವರ್ಷದವರು. ಖಮ್ಮಂನಲ್ಲಿ ಬಹಳ ಮಂದಿ ಬುಡಕಟ್ಟಿನ ಮಕ್ಕಳು, ಹಾಸ್ಟೆಲಿನಲ್ಲಿದ್ದವರು. ಏಳು ಹುಡುಗಿಯರು ಸತ್ತರು. 2010ರ ಏಪ್ರಿಲ್‌ನಲ್ಲಿ ಎಲ್ಲ ನಿಂತುಹೋಯಿತು. ವಿಚಾರಣೆ ನಡೆದು, ಆ ಸಾವುಗಳಿಗೆ ಲಸಿಕೆ ಕಾರಣವೆನ್ನಲು ಆಧಾರವಿಲ್ಲವೆಂದು ತೀರ್ಮಾನವಾಯಿತು: ಒಬ್ಬಳು ನೀರಿಗೆ ಬಿದ್ದಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಹೀಗೆ. ಸರಿ. ಆದರೆ ಒಪ್ಪಿಗೆಯ ಕಾಗದಗಳನ್ನು ತೆರೆದು ನೋಡಿದಾಗ ಕಂಡದ್ದು ಬೇರೆ. ಖಮ್ಮಂ ಕಡೆಯ ಸುಮಾರು 9,500 ನಮೂನೆಗಳಲ್ಲಿ 2,700ಕ್ಕೂ ಹೆಚ್ಚಿನವಕ್ಕೆ ರುಜು ಹಾಕಿದ್ದವರು ಹಾಸ್ಟೆಲಿನ ವಾರ್ಡನ್ನರು. 1,900ಕ್ಕೂ ಮೇಲ್ಪಟ್ಟು ಹೆಬ್ಬೆಟ್ಟುಗಳು. ಸಂಸತ್ತಿನ ಸಮಿತಿ 2013ರಲ್ಲಿ ಇದನ್ನು ಬಹಳ ಕಟುವಾಗಿ ಖಂಡಿಸಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲಸಿಕೆಯ ವಿಷಯದಲ್ಲಿ ಸಂಶಯ ಹುಟ್ಟಿ ಅಲ್ಲ. ಆ ಸಾವಿರದ ಒಂಬೈನೂರು ಹೆಬ್ಬೆಟ್ಟುಗಳಲ್ಲಿ ಎಷ್ಟು ಮಂದಿಗೆ ಕಾಗದದಲ್ಲಿ ಬರೆದದ್ದು ತಿಳಿದಿತ್ತು? ನಾಳೆ ಬೆಳಗ್ಗೆ ನಾನು ಅವ್ವನ ಬೆರಳಿಗೆ ಶಾಯಿ ಬಳಿದು ಒತ್ತಿಸಿದರೆ, ಮನೆಯಲ್ಲೇ ಹುಟ್ಟಿದ ವಾರ್ಡನ್ ನಾನಾಗುವುದಿಲ್ಲವೇ? ಅವ್ವ ನನ್ನನ್ನು ನಂಬುತ್ತಾಳೆ. ಅಷ್ಟಕ್ಕೇ ಅದು ಒಪ್ಪಿಗೆಯಾಗಿಬಿಡುತ್ತದೆಯೇ?

ಇಲ್ಲಿ ಒಂದು ಚಿತ್ರದ ಮಾತು ಬರಬೇಕು. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದದ್ದು. ಮೈಸೂರಿನ ಅರಮನೆಯ ಮೂವರು ಸ್ತ್ರೀಯರು ಅದರಲ್ಲಿದ್ದಾರೆ. ಬಲಗಡೆಯ ಯುವತಿ ಸೆರಗನ್ನು ಸರಿಸಿ ಎಡತೋಳನ್ನು ತೋರುತ್ತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು, ಪ್ರಜೆಗಳಿಗೆ ಧೈರ್ಯ ಬರಲೆಂದೇ ಆ ಚಿತ್ರ, ಎಂಬುದು ಚರಿತ್ರಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕೀವನ್ನು ಹುಡುಗನೊಬ್ಬನ ತೋಳಿಗೆ ಹಾಕಿ ನೋಡಿ ಆಗಿನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲಿ ಅದು ನಮ್ಮ ಅಂತಃಪುರವನ್ನು ಸೇರಿತ್ತು. ಈ ಚಿತ್ರವನ್ನು ತೋರಿಸಿ ಅವ್ವನನ್ನು ಒಪ್ಪಿಸಬಹುದೆಂದು ಒಂದು ಗಳಿಗೆ ಆಸೆಯಾಯಿತು. ಆದರೆ ಆ ಲಸಿಕೆ ಭಾರತಕ್ಕೆ ಬಂದ ದಾರಿಯನ್ನು ನೋಡಿದರೆ, ಮೊದಲು ಅದನ್ನು ಮೈಯಲ್ಲಿ ಹೊತ್ತವಳು ರಾಣಿಯಲ್ಲ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ಅವಳ ತೋಳಿನ ಕೀವನ್ನು ಮುಂದಿನ ವಾರ ಇನ್ನೈದು ಮಕ್ಕಳಿಗೆ ಹಾಕಿದರು. ಅಲ್ಲಿಂದ ತೋಳಿಂದ ತೋಳಿಗೆ ಹರಡಿತು. ರಾಣಿ ತೋಳು ತೋರಿಸಿದಳು, ಚಿತ್ರವಾಯಿತು. ಆ ಮಗುವಿನ ತಾಯಿಯನ್ನು ಯಾರು ಏನು ಕೇಳಿದರೋ, ಅವಳೇನು ಹೇಳಿದಳೋ.

ಆದ್ದರಿಂದ ರಾಣಿಯನ್ನು ಬಿಟ್ಟು, ಚೀಟಿಯನ್ನು ಹಿಡಿದು, ಅವ್ವನ ಮುಂದೆ ಕುಳಿತೆ. ಅವಳು ಭತ್ತ ಕೇರುತ್ತಿದ್ದಳು. ವೈರಸ್ಸೆಂದರೆ ಏನು, ಚಿಪ್ಪೆಂದರೆ ಏನು ಎಂದು ನಾನು ತಡವರಿಸುತ್ತ ಹೇಳುತ್ತಿದ್ದೆ. 'ಹೊರಗೆ ಎಲ್ಲ ಹಾಗೇ ಇರುತ್ತದೆ ಅವ್ವ, ಒಳಗೆ ಏನೂ ಇರುವುದಿಲ್ಲ' ಎಂದಾಗ ಅವಳು ಮೊರದ ತುದಿಗೆ ಬಂದಿದ್ದ ಒಂದು ಹಿಡಿ ಜೊಳ್ಳನ್ನು ಎತ್ತಿ ನನ್ನ ಮುಂದೆ ಹಿಡಿದು, "ಇಂಗಾ?" ಎಂದಳು.

"ಹಾಗೇ."

"ಜೊಳ್ಳು ಬಿತ್ತುದ್ರೆ ಮೊಳೆಯಾಕಿಲ್ಲ. ಆದ್ರೆ ಹಕ್ಕಿಗೆ ಗೊತ್ತಾಗಾಕಿಲ್ಲ, ಬಂದು ಕುಕ್ಕತದೆ. ಅಷ್ಟೇ ತಾನೆ?"

ಎರಡು ವಾರ ಓದಿ ನಾನು ಹುಡುಕದಿದ್ದ ಮಾತು ಅದು. ಆದರೆ ಮುಂದಿನ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. "ಈ ಕಾಯ್ಲೆ ಎಲ್ಲಿಂದ ಬತ್ತದೆ?" ಗಂಡು ಹೆಣ್ಣಿನ ಕೂಟದಿಂದ ಬರುತ್ತದೆಂದು ತಾಯಿಗೆ ಹೇಳಲು ನಾಲಗೆ ಏಳಲಿಲ್ಲ. ಹೇಳಿದರೆ ಚಿಕ್ಕವ್ವನ ಹೆಸರಿಗೆ ಮಸಿ ಬಳಿದ ಹಾಗಾದೀತೋ ಎಂಬ ಅಳುಕು ಬೇರೆ. ಕೊನೆಗೆ ಹೇಳಿದೆ, ಇದು ನಡತೆಯ ಮಾತಲ್ಲ, ಮದುವೆಯಾದವರಿಗೆಲ್ಲ ಬರುವಂಥದು, ಗಂಡನಿಂದಲೂ ಬರುತ್ತದೆ, ಬಂದದ್ದು ತಿಳಿಯುವುದೂ ಇಲ್ಲ, ಎಂದೆ. ಅವ್ವ ಬಹಳ ಹೊತ್ತು ಮೊರವನ್ನು ತಟ್ಟುತ್ತಲೇ ಇದ್ದಳು. ಆಮೇಲೆ, "ಲಗ್ನ ಆದಾಗ ಅವ್ಳಿಗೆ ಹದಿನೈದು" ಎಂದಳು. ಅಷ್ಟೆ. ತಂಗಿ ಹೋದ ಮೇಲೆ ಅವಳ ಬಗ್ಗೆ ಅವ್ವ ತಾನಾಗಿ ಆಡಿದ ಮೊದಲ ಮಾತು ಅದು.

"ಅವ್ಳಿಗೂ ಇದ ಹಾಕ್ಸಿದ್ರೆ ಉಳ್ಕತಿದ್ಲಾ?"

ಸುಳ್ಳು ಹೇಳಬಹುದಾಗಿತ್ತು. ಈ ಲಸಿಕೆ ಭಾರತಕ್ಕೆ ಬಂದದ್ದೇ 2008ರಲ್ಲಿ; ಆಗ ಚಿಕ್ಕವ್ವ ಮದುವೆಯಾಗಿ ಹನ್ನೆರಡು ವರ್ಷ. ಮೈ ಸೇರಿದ ವೈರಸ್ಸನ್ನು ಲಸಿಕೆ ಹೊರಗಟ್ಟಲಾರದು. ಬರುವುದಕ್ಕೆ ಮುಂಚೆ ತಡೆಯುತ್ತದೆ, ಅಷ್ಟೇ. ಅದಕ್ಕೇ 9ರಿಂದ 14ರ ವಯಸ್ಸು. ಅವಳನ್ನು ಉಳಿಸಬಹುದಾಗಿದ್ದುದು ಲಸಿಕೆಯಲ್ಲ, ಹೊತ್ತಿಗೆ ಸರಿಯಾಗಿ ಮಾಡಿಸಿದ ಒಂದು ತಪಾಸಣೆ. ಮೂವತ್ತು ದಾಟಿದ ಹೆಂಗಸರಿಗೆ ಆರೋಗ್ಯ ಕೇಂದ್ರಗಳಲ್ಲೇ ಅದನ್ನು ಮಾಡುತ್ತಾರೆ. ಐದು ನಿಮಿಷದ ಕೆಲಸ. ಇದನ್ನೂ ಹೇಳಿದೆ. ಅವ್ವನೂ ಮೂವತ್ತು ದಾಟಿದವಳೇ. "ನೀನೂ ಒಂದು ಸಲ ಹೋಗಿ ಬಾ" ಎಂದೆ. "ನೋಡಾನ" ಎಂದಳು. ಇನ್ನೂ ಹೋಗಿಲ್ಲ.

ಈ ಸಂದರ್ಭದಲ್ಲಿ ನಮ್ಮ ಹಾಸ್ಟೆಲಿನ ಒಬ್ಬ ಗೆಳತಿಯ ಮಾತನ್ನು ಹೇಳದಿದ್ದರೆ ನಾನು ಪಕ್ಷಪಾತಿಯಾದೇನು. ಅವಳದು ಸೊರಬದ ಕಡೆಯ ಊರು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗು ಕಚ್ಚಿ ಬರುವ ಜ್ವರ. ಅದಕ್ಕೊಂದು ಲಸಿಕೆ 1990ರಿಂದ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದರಂತೆ. "ತೋಳು ಮೂರು ದಿನ ಎತ್ತಲು ಬಾರದಷ್ಟು ನೋವು, ಆದರೂ ನಮ್ಮಪ್ಪ ಬಿಡುತ್ತಿರಲಿಲ್ಲ" ಎನ್ನುತ್ತಾಳೆ ಅವಳು. ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದೊಂದನ್ನು ತಯಾರಿಸುವ ಕೆಲಸ ಆಮೇಲೆ ಹಿಡಿದರು. ಸೂಜಿ ಎಂದೊಡನೆ ಕೈಮುಗಿಯುವವರೂ ಸರಿಯಲ್ಲ, ಸೂಜಿ ಎಂದೊಡನೆ ಓಡುವವರೂ ಸರಿಯಲ್ಲ ಎನ್ನುವುದು ಅವಳ ಮತ. ಕೈಮುಗಿಯುವ ಪೈಕಿ ನಾನೂ ಒಬ್ಬಳೆಂದು ಅವಳ ಗುಮಾನಿ ಇದ್ದಂತಿದೆ.

ನಿಜ, ಓದುತ್ತ ಹೋದಂತೆ ನನಗೊಂದು ಬಗೆಯ ಮರುಳು ಹಿಡಿದಿತ್ತು. ಕ್ಯಾನ್ಸರು ಬಂದ ಮೇಲೂ ಮೈಯ ಕಾವಲುಪಡೆಯನ್ನೇ ಅದರ ಮೇಲೆ ಬಿಡುವ ವಿದ್ಯೆ ಈಗ ಬೆಳೆಯುತ್ತಿದೆ. ಆ ಪಡೆ ಮಿತಿಮೀರದಂತೆ ನಮ್ಮ ಮೈಯಲ್ಲೇ ಕಡಿವಾಣಗಳಿವೆಯಂತೆ. ಕ್ಯಾನ್ಸರು ಆ ಕಡಿವಾಣವನ್ನು ಜಗ್ಗಿ ಹಿಡಿದು ತಾನು ಬಚಾವಾಗುತ್ತದೆ. ಕಡಿವಾಣ ಸಡಿಲಿಸುವ ಮದ್ದಿಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಒಬ್ಬೊಬ್ಬ ರೋಗಿಯ ಗೆಡ್ಡೆಯನ್ನು ಓದಿ ಆತನಿಗೇ ಬೇರೆಯಾಗಿ ತಯಾರಿಸುವ ಎಂಆರ್‌ಎನ್‌ಎ ಲಸಿಕೆಯೊಂದನ್ನು ಆ ಬಗೆಯ ಮದ್ದಿನೊಡನೆ ಚರ್ಮದ ಕ್ಯಾನ್ಸರಿನಲ್ಲಿ ಪರೀಕ್ಷಿಸಿದ್ದಾರೆ. 157 ಮಂದಿಯ ಆ ಪ್ರಯೋಗದಲ್ಲಿ, ಮದ್ದೊಂದನ್ನೇ ಪಡೆದವರಿಗಿಂತ ಇವರಲ್ಲಿ ರೋಗ ಮರಳುವ ಇಲ್ಲವೆ ಸಾಯುವ ಅಪಾಯ ಶೇಕಡ 44ರಷ್ಟು ಕಡಿಮೆ ಕಂಡಿತು. ಚಿಕ್ಕ ಪ್ರಯೋಗ, ಅವಸರದ ಸಂತೋಷ ಸಲ್ಲದು. ನಮ್ಮ ಮುಂಬಯಿಯ ಐಐಟಿಯವರೂ ಟಾಟಾ ಸ್ಮಾರಕ ಆಸ್ಪತ್ರೆಯವರೂ ಸೇರಿ, ರೋಗಿಯ ರಕ್ತದ ಟಿ-ಕೋಶಗಳನ್ನೇ ಹೊರತೆಗೆದು, ಹೊಸ ಕಣ್ಣು ಕೊಟ್ಟು, ಮತ್ತೆ ಮೈಗೆ ಬಿಡುವ ಚಿಕಿತ್ಸೆಯೊಂದನ್ನು ರೂಪಿಸಿದರು. 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದ ಬೆಲೆಯ ಸುಮಾರು ಹತ್ತನೆಯ ಒಂದು ಭಾಗವಂತೆ. ಆ ಹತ್ತನೆಯ ಒಂದು ಭಾಗವೂ ನಮ್ಮಪ್ಪ ಜೀವಮಾನದಲ್ಲಿ ಒಟ್ಟಿಗೆ ಕಾಣದ ಹಣ. ಅದಕ್ಕೇ ನನಗೆ ಇವೆಲ್ಲಕ್ಕಿಂತ ಜೊಳ್ಳಿನ ಸೂಜಿಯೇ ದೊಡ್ಡದಾಗಿ ಕಾಣುತ್ತದೆ; ಅದು ನಮ್ಮ ಊರಿನ ಶಾಲೆಯವರೆಗೂ ಬಂತು.

ಆ ಎಂಆರ್‌ಎನ್‌ಎ ವಿದ್ಯೆಗೆ 2023ರ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರಾದ ಕಾತಲಿನ್ ಕಾರಿಕೊ ಹಂಗೇರಿಯ ಒಬ್ಬ ಕಸಾಯಿಯ ಮಗಳು. ನಲ್ಲಿಯ ನೀರಿಲ್ಲದ ಮನೆಯಲ್ಲಿ ಬೆಳೆದವರು. 1995ರಲ್ಲಿ ಅವರ ವಿಶ್ವವಿದ್ಯಾನಿಲಯ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿತ್ತು. ಅವರ ಮನೆಯಲ್ಲೂ ಪಂಪುಸೆಟ್ಟು ಕೆಟ್ಟಾಗ ಅವರನ್ನೇ ಕರೆಯುತ್ತಿದ್ದರೋ ಏನೋ!

ಒಪ್ಪಿಗೆಯ ಕಾಗದವನ್ನು ಕೊಡಬೇಕಾದ ಹಿಂದಿನ ರಾತ್ರಿ ಅವ್ವ ತಾನಾಗಿ ಅದನ್ನು ಮೊಳೆಯಿಂದ ತೆಗೆದು ತಂದಳು. "ಇನ್ನೊಂದು ಕಿತ ಓದು" ಎಂದಳು. ಮೊದಲಿನಿಂದ ಕೊನೆಯವರೆಗೆ ಓದಿದೆ. ತಂಗಿಯನ್ನು ಕರೆದು, "ನಿಂಗೆ ಇಷ್ಟವಾ?" ಎಂದು ಕೇಳಿದಳು. ಆ ಮಾತನ್ನು ಕಾಗದವೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಂಗಿ ತಲೆಯಾಡಿಸಿದಳು. ಅವ್ವ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ನನ್ನ ಕಡೆ ತಿರುಗಿ, "ನಿಂಗ್ಯಾಕೆ ಚೀಟಿ ಬರ್ಲಿಲ್ಲ?" ಎಂದಳು. ನನ್ನ ವಯಸ್ಸು ಮೀರಿತು, ಇಪ್ಪತ್ತಾರರವರೆಗೆ ಹಾಕಿಸಿಕೊಳ್ಳಬಹುದಂತೆ, ಆದರೆ ದುಡ್ಡು ಕೊಡಬೇಕು, ಎಂದೆ. ಅವ್ವ ಮಾತಾಡಲಿಲ್ಲ. ಮರುವಾರ ಹಾಲಿನ ಡೈರಿಯ ಬಟವಾಡೆಯಲ್ಲಿ ಸ್ವಲ್ಪ ಹಣ ಸಾಸಿವೆಯ ಡಬ್ಬಿಗೆ ಬೇರೆಯಾಗಿ ಬಿದ್ದದ್ದನ್ನು ಕಂಡೆ. ಯಾವುದಕ್ಕೆಂದು ನಾನು ಕೇಳಿಲ್ಲ.

ಸೂಜಿ ಹಾಕಿಸಿಕೊಂಡ ದಿನ ತಂಗಿ ನಗುತ್ತಲೇ ಮನೆಗೆ ಬಂದಳು. ತೋಳು ಸ್ವಲ್ಪ ಜೋಮುಹಿಡಿದ ಹಾಗಿದೆ, ಅಷ್ಟೇ ಎಂದಳು. ಅಜ್ಜಿ ಅವಳನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ಯೂನಿಫಾರಮ್ಮಿನ ತೋಳನ್ನು ಮೇಲಕ್ಕೆ ಸುತ್ತಿ, ಕಣ್ಣು ಕಿರಿದು ಮಾಡಿ, ಎಡದಲ್ಲೂ ಬಲದಲ್ಲೂ ಹುಡುಕಿದಳು. ಒಂದು ಚುಕ್ಕೆಯೂ ಸಿಗಲಿಲ್ಲ.

"ಗುರ್ತೇ ಇಲ್ವಲ್ಲೇ! ಹಾಕುದ್ರಾ ಇಲ್ವಾ?"

"ಹಾಕುದ್ರಜ್ಜಿ."

ಅಜ್ಜಿ ನಂಬಲಿಲ್ಲ. ಆ ಮಂಗಳವಾರ ಮಾರಮ್ಮನಿಗೆ ತಂಗಿಯ ಹೆಸರಿನಲ್ಲಿ ಒಂದು ತಂಬಿಟ್ಟಿನ ಆರತಿ ಹೆಚ್ಚಾಗಿ ಹೋಯಿತು.